ಇ-ಸಿಗರೇಟ್: ಡಾಕ್ಟರ್ ಓದುವವರಿಗೆ ಗೊತ್ತಿರೋದೆಷ್ಟು? ಪಾಲಕರು, ಅಂಗಡಿಯವರು ತಿಳಿಯಬೇಕಾದ್ದೇನು?

ಹುಬ್ಬಳ್ಳಿ-ಧಾರವಾಡ: ದವಾಖಾನಿಯ ಓಪಿಡಿಯಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳು ಕೇಸ್ ಶೀಟ್ ಬರೆಯುವಾಗ ಪ್ರತಿ ರೋಗಿಗೂ ಚಟದ ಬಗ್ಗೆ ಕೇಳಲೇಬೇಕು. ಬೀಡಿ-ಸಿಗರೇಟ್ ಸೇದ್ತೀರೇನ್ರಿ? ಗುಟ್ಕಾ, ತಂಬಾಕು ಹಾಕ್ತೀರೇನ್ರಿ? ಕುಡಿತೀರೇನ್ರಿ? ಈ ಮೂರು ಪ್ರಶ್ನೆ ಎಲ್ಲರಿಗೂ ಬಾಯಿಪಾಠ. ಆದರೆ ಕೆಮ್ಮು, ಎದೆನೋವು ಅಂತ ಬಂದ ಹತ್ತೊಂಬತ್ತು ವರ್ಷದ ಹುಡುಗ ಈ ಮೂರಕ್ಕೂ ‘ಇಲ್ರಿ’ ಅಂದರೆ ಅವನು ಸುಳ್ಳು ಹೇಳಿದ ಹಾಗೆ ಆಗೋದಿಲ್ಲ. ಅವನ ಜೇಬಿನಲ್ಲಿ ಪೆನ್ ಡ್ರೈವ್‌ನಂಥ ಒಂದು ಸಾಧನ ಇರಬಹುದು. ಅವನ ಲೆಕ್ಕದಲ್ಲಿ ಅದು ಸಿಗರೇಟೇ ಅಲ್ಲ, ‘ವೇಪ್’. ಕೇಳುವವರು ಆ ಹೆಸರು ಹೇಳಿ ಕೇಳದಿದ್ದರೆ ಹೇಳುವವನಿಗೂ ಹೊಳೆಯೋದಿಲ್ಲ.

ಇ-ಸಿಗರೇಟ್ ವಿಷಯದಲ್ಲಿ ನಾಳಿನ ಡಾಕ್ಟರುಗಳ ತಿಳಿವಳಿಕೆ ಎಷ್ಟು ಅನ್ನೋದು ಬರೀ ಕಾಲೇಜಿನೊಳಗಿನ ಮಾತಲ್ಲ. ಅವಳಿ ನಗರದಲ್ಲಿ ಮೆಡಿಕಲ್ ಓದುವವರಿಗೇನೂ ಕಮ್ಮಿ ಇಲ್ಲ. 1957ರಲ್ಲಿ ಶುರುವಾಗಿ, ಬಹಳ ಕಾಲ ‘ಕಿಮ್ಸ್’ ಅಂತಲೇ ಜನರ ಬಾಯಲ್ಲಿದ್ದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು (ಈಗ ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂ ಮೆಡಿಕಲ್ ಮತ್ತು ಡೆಂಟಲ್ ಕಾಲೇಜುಗಳು, ಹುಬ್ಬಳ್ಳಿಯ ಕೆಎಲ್‌ಇ ಜಗದ್ಗುರು ಗಂಗಾಧರ ಮಹಾಸ್ವಾಮಿಗಳು ಮೂರುಸಾವಿರಮಠ ವೈದ್ಯಕೀಯ ಕಾಲೇಜು, ಮನೋರೋಗಕ್ಕೆ ಧಾರವಾಡದ ಡಿಮ್ಹಾನ್ಸ್. ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡದಿಂದಲೂ ಜನ ಇಲ್ಲಿಗೇ ಬರ್ತಾರೆ. ಬಂದವರನ್ನು ವಾರ್ಡಿನಲ್ಲಿ ಮೊದಲು ಮಾತಾಡಿಸುವವರು ದೊಡ್ಡ ಡಾಕ್ಟರಲ್ಲ, ಹೌಸ್ ಸರ್ಜನ್ ಇಲ್ಲವೇ ಪಿಜಿ ವಿದ್ಯಾರ್ಥಿ.

ಮೊದಲು, ಇದು ಏನು?

ಇ-ಸಿಗರೇಟಿನಲ್ಲಿ ಬೆಂಕಿ ಇಲ್ಲ, ತಂಬಾಕಿನ ಎಲೆ ಇಲ್ಲ. ಒಂದು ಬ್ಯಾಟರಿ, ಒಂದು ಸಣ್ಣ ಕಾಯಿಲ್, ಒಂದಿಷ್ಟು ದ್ರವ. ಎಳೆದಾಗ ಕಾಯಿಲ್ ಕಾಯ್ತದೆ, ದ್ರವ ಹಬೆಯಂತಾಗಿ ಎದೆಗೆ ಹೋಗ್ತದೆ. ಈಗಿನ ರೂಪದ ಸಾಧನವನ್ನು 2003ರಲ್ಲಿ ತಯಾರಿಸಿದ್ದು ಚೀನಾದ ಫಾರ್ಮಾಸಿಸ್ಟ್ ಹೊನ್ ಲಿಕ್. ಸಿಗರೇಟ್ ಬಿಡೋದಕ್ಕೆ ದಾರಿ ಅಂತ ಹುಟ್ಟಿದ ಸಾಮಾನು ಮುಂದೆ ಮಾವಿನಹಣ್ಣು, ಪುದೀನಾ, ಕಲ್ಲಂಗಡಿ ರುಚಿ ಹಚ್ಚಿಕೊಂಡು, ಸಿಗರೇಟ್ ಮುಟ್ಟಿಯೇ ಇರದ ಹುಡುಗರ ಕೈಗೆ ಬಂತು.

‘ಬರೀ ನೀರಿನ ಹಬೆ’ ಅನ್ನೋದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಅದು ನೀರಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ರುಚಿಯ ರಾಸಾಯನಿಕಗಳು, ಬಹುತೇಕ ನಿಕೋಟಿನ್. ಕಾಯಿಲ್ ಹೆಚ್ಚು ಕಾದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಕಾಯಿಲ್‌ನಿಂದ ನಿಕ್ಕಲ್, ಕ್ರೋಮಿಯಂ, ಸೀಸದ ಕಣಗಳೂ ಬರಬಹುದು.

ನಿಕೋಟಿನ್ ಲೆಕ್ಕ ಸ್ವಲ್ಪ ನೋಡೋಣ. ಒಂದು ಮಾಮೂಲಿ ಸಿಗರೇಟಿನಿಂದ ಸೇದುವವರ ಮೈಗೆ ಸೇರೋದು ಸುಮಾರು 1ರಿಂದ 2 ಮಿಲಿಗ್ರಾಂ. ‘5%’ ಅಂತ ಬರೆದ, 2 ಮಿಲಿಲೀಟರ್ ದ್ರವದ ಒಂದು ಸಾಧನದಲ್ಲಿ ಇರೋದು ಸುಮಾರು 100 ಮಿಲಿಗ್ರಾಂ. ಅದೆಲ್ಲ ಮೈಗೆ ಹತ್ತೋದಿಲ್ಲ, ನಿಜ. ಆದರೆ ಸಿಗರೇಟ್ ಒಂದು ಮುಗೀತು ಅಂದರೆ ಮುಗೀತು, ಆರಿಸಿ ಒಗೀತಾರೆ. ಇದಕ್ಕೆ ಮುಗಿಯೋದು ಅಂತ ಇಲ್ಲ. ಓದುವಾಗ, ಮೊಬೈಲ್ ನೋಡುವಾಗ, ಬಾತ್‌ರೂಮಿನಲ್ಲಿ, ಹಾಸಿಗೆಯಲ್ಲಿ, ಎಳೆದದ್ದೇ ಎಳೆದದ್ದು. ಹೊಸ ಸಾಧನಗಳಲ್ಲಿ ‘ನಿಕೋಟಿನ್ ಸಾಲ್ಟ್’ ಇರೋದರಿಂದ ಗಂಟಲಿಗೆ ಘಾಟೂ ಬಡಿಯೋದಿಲ್ಲ. ಮೊದಲ ಸಲ ಬೀಡಿ ಎಳೆದವ ಕೆಮ್ಮಿ ಕೆಮ್ಮಿ ಸಾಕಾಗಿ ಬಿಟ್ಟಾನು. ಇಲ್ಲಿ ಆ ತಡೆಯೂ ಇಲ್ಲ.

ಕ್ಲಾಸಿನಲ್ಲಿ ಬೀಡಿ, ಮೊಬೈಲಿನಲ್ಲಿ ವೇಪ್

ಮೆಡಿಕಲ್ ವಿದ್ಯಾರ್ಥಿಗಳಿಗೆ ತಂಬಾಕಿನ ಪಾಠ ಚೆನ್ನಾಗಿಯೇ ಆಗ್ತದೆ. ಶ್ವಾಸಕೋಶದ ಕ್ಯಾನ್ಸರ್, ಸಿಒಪಿಡಿ, ಹೃದಯಾಘಾತ, ಬಾಯಿ ಕ್ಯಾನ್ಸರ್ ಎಲ್ಲ ಪರೀಕ್ಷೆಗೆ ಬರುವ ವಿಷಯ. ಅದರಲ್ಲಿ ತಪ್ಪೇನಿಲ್ಲ. 2016-17ರ ಗ್ಲೋಬಲ್ ಅಡಲ್ಟ್ ಟೊಬ್ಯಾಕೊ ಸರ್ವೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ 22.8% ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸ್ತಿದ್ದರು, ಅದರಲ್ಲೂ ಸೇದುವವರಿಗಿಂತ ಬಾಯಿಗೆ ಹಾಕುವವರೇ ಹೆಚ್ಚು. ಪಕ್ಕದ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೇ ಹೆಸರಾದ ಊರು. ಇಲ್ಲಿನ ವಾರ್ಡುಗಳಲ್ಲಿ ಕಾಣುವ ರೋಗಿ ಬೀಡಿ, ಗುಟ್ಕಾ, ಜರ್ದಾದವನೇ.

ಇ-ಸಿಗರೇಟಿನದು ಬೇರೆ ಕಥೆ. ಅದೇ ಸರ್ವೆಯಲ್ಲಿ ದೇಶದ ವಯಸ್ಕರಲ್ಲಿ ಇ-ಸಿಗರೇಟ್ ಹೆಸರು ಕೇಳಿದ್ದವರು ಬರೀ 3%. ಎರಡು ವರ್ಷ ಬಿಟ್ಟು, 2019ರಲ್ಲಿ, 13ರಿಂದ 15 ವರ್ಷದ ಶಾಲಾ ಮಕ್ಕಳ ನಡುವೆ ಇಂಥದೇ ಸರ್ವೆ ನಡೆದಾಗ ಹೆಸರು ಕೇಳಿದ್ದವರು ಸುಮಾರು 28%, ಒಮ್ಮೆಯಾದರೂ ಎಳೆದು ನೋಡಿದ್ದವರು ಸುಮಾರು 2.8%. ಮನೆಯ ಹಿರಿಯರಿಗೆ ಗೊತ್ತಿಲ್ಲ, ಮಕ್ಕಳಿಗೆ ಗೊತ್ತು. ಮೆಡಿಕಲ್ ವಿದ್ಯಾರ್ಥಿ ನಿಂತಿರೋದು ಈ ಎರಡರ ನಡುವೆ. ವಯಸ್ಸಿನಲ್ಲಿ ಹುಡುಗರ ಕಡೆ, ಕೆಲಸದಲ್ಲಿ ಹಿರಿಯರ ಕಡೆ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಮೆಡಿಕಲ್ ವಿದ್ಯಾರ್ಥಿಗಳನ್ನೇ ಕೇಳಿ ಮಾಡಿದ ಒಂದು ಸಮೀಕ್ಷೆ 2018ರಲ್ಲಿ ಪ್ರಕಟವಾಗಿತ್ತು. ಸಾದಾ ಸಿಗರೇಟಿನ ಬಗ್ಗೆ ಸಾಕಷ್ಟು ಕಲಿಸಿದ್ದಾರೆ, ಇ-ಸಿಗರೇಟಿನ ಬಗ್ಗೆ ಸಾಕಾಗುವಷ್ಟು ಕಲಿಸಿಲ್ಲ ಅಂತ ಬಹುತೇಕರು ಹೇಳಿದ್ದರು. ಸಿಗರೇಟ್ ಬಿಡಿಸುವ ಔಷಧ ಅಂತ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿದೆ ಅಂತ ತಪ್ಪಾಗಿ ನಂಬಿದವರೂ ಕಮ್ಮಿ ಇರಲಿಲ್ಲ. ಎಫ್‌ಡಿಎ ಅಂಥ ಒಪ್ಪಿಗೆ ಕೊಟ್ಟೇ ಇಲ್ಲ. 2021ರಿಂದ ಕೆಲವು ಸಾಧನಗಳ ಮಾರಾಟಕ್ಕೆ ಅನುಮತಿ ಕೊಟ್ಟಿದೆ, ಅಷ್ಟೇ. ಮಾರಬಹುದು ಅನ್ನೋದು ಬೇರೆ, ಔಷಧ ಅನ್ನೋದು ಬೇರೆ. ಡಾಕ್ಟರ್ ಓದುವವರಿಗೇ ಈ ಗೊಂದಲ ಇದ್ದರೆ ಉಳಿದವರ ಮಾತು ಬಿಡಿ.

ಬ್ರಿಟನ್ ಪುಸ್ತಕ ಒಂದು ಹೇಳ್ತದೆ, ನಮ್ಮ ಕಾಯ್ದೆ ಇನ್ನೊಂದು

ನಿಜವಾದ ತೊಡಕು ಇಲ್ಲಿದೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೆಡಿಕಲ್ ವಿದ್ಯಾರ್ಥಿ ಓದೋದು ಬರೀ ನಮ್ಮ ಪುಸ್ತಕ ಅಲ್ಲ. ಬ್ರಿಟನ್ನಿಗೆ ಹೋಗಲು ಪ್ಲ್ಯಾಬ್ ಪರೀಕ್ಷೆ ಕಟ್ಟುವವರು ಅಲ್ಲಿನ ‘ನೈಸ್’ ಮಾರ್ಗಸೂಚಿ ಓದ್ತಾರೆ. 2021ರ ಆ ಮಾರ್ಗಸೂಚಿಯಲ್ಲಿ ಸಿಗರೇಟ್ ಬಿಡಲು ಬಯಸುವ ವಯಸ್ಕರಿಗೆ ನಿಕೋಟಿನ್ ಇರುವ ಇ-ಸಿಗರೇಟೂ ಒಂದು ದಾರಿ. 2015ರಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ‘ಸಿಗರೇಟಿಗಿಂತ ಸುಮಾರು 95% ಕಮ್ಮಿ ಹಾನಿ’ ಅಂದಿತ್ತು. ಆ ಅಂಕಿಗೆ ಆಧಾರ ಗಟ್ಟಿ ಇಲ್ಲ ಅಂತ ಆಗಲೇ ತಕರಾರು ಎದ್ದಿತ್ತು. ಆದರೂ ಅಂಕಿ ಮಾತ್ರ ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡ್ತಾ ಇದೆ.

2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಇಂಗ್ಲೆಂಡಿನ ಅಧ್ಯಯನ ಇನ್ನೂ ಗಟ್ಟಿ. ಸಿಗರೇಟ್ ಬಿಡಲು ಬಂದ 886 ಮಂದಿಯಲ್ಲಿ ಅರ್ಧ ಜನಕ್ಕೆ ಇ-ಸಿಗರೇಟ್, ಇನ್ನರ್ಧಕ್ಕೆ ನಿಕೋಟಿನ್ ಗಮ್, ಪ್ಯಾಚ್‌ನಂಥವು. ಜೊತೆಗೆ ಎಲ್ಲರಿಗೂ ಕೌನ್ಸೆಲಿಂಗ್. ವರ್ಷದ ಮೇಲೆ ನೋಡಿದರೆ ಇ-ಸಿಗರೇಟ್ ಗುಂಪಿನಲ್ಲಿ 18% ಮಂದಿ ಸಿಗರೇಟ್ ಬಿಟ್ಟಿದ್ದರು, ಇನ್ನೊಂದರಲ್ಲಿ 9.9%. ಇಷ್ಟನ್ನೇ ಓದಿದವರು ‘ನೋಡ್ರಿ, ಕೆಲಸ ಮಾಡ್ತದ’ ಅಂತಾರೆ. ಮುಂದಿನ ಸಾಲು ಕೂಡ ಓದಬೇಕು. ಇ-ಸಿಗರೇಟ್ ಹಿಡಿದು ಸಿಗರೇಟ್ ಬಿಟ್ಟವರಲ್ಲಿ 80% ಮಂದಿ ಒಂದು ವರ್ಷ ಆದ ಮೇಲೂ ಇ-ಸಿಗರೇಟ್ ಎಳೀತಾನೇ ಇದ್ದರು. ಅಂದರೆ ಸಿಗರೇಟ್ ಹೋಯ್ತು, ನಿಕೋಟಿನ್ ಉಳೀತು. ಇನ್ನೊಂದು ಮಾತು, ಅವರೆಲ್ಲ ವಯಸ್ಕರು, ಮೊದಲೇ ಸಿಗರೇಟ್ ಸೇದುವವರು. ಎಂದೂ ಸೇದದ ಪಿಯು ಹುಡುಗನಿಗೆ ಆ ಅಧ್ಯಯನ ಯಾವ ಸರ್ಟಿಫಿಕೇಟೂ ಕೊಟ್ಟಿಲ್ಲ. ಅದೇ ಬ್ರಿಟನ್ ಒಮ್ಮೆ ಬಳಸಿ ಒಗೆಯುವ ವೇಪ್‌ಗಳನ್ನು 2025ರ ಜೂನ್ 1ರಿಂದ ನಿಷೇಧಿಸಿದೆ.

ನಮ್ಮ ದೇಶ ಹಿಡಿದ ದಾರಿ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2019ರ ಮೇ ತಿಂಗಳಲ್ಲಿ ಶ್ವೇತಪತ್ರ ಹೊರಡಿಸಿ ಪೂರ್ತಿ ನಿಷೇಧವೇ ಸರಿ ಅಂತು. ಹೊಸ ತಲೆಮಾರು ನಿಕೋಟಿನ್ನಿಗೆ ಬೀಳ್ತದೆ, ಇದರಿಂದ ಸಿಗರೇಟಿಗೂ ಹೋಗ್ತದೆ ಅನ್ನೋದು ಅದರ ಮುಖ್ಯ ವಾದ. ಹಾಗಾಗಿ ಇಲ್ಲಿನ ವಿದ್ಯಾರ್ಥಿ ಮೂರು ಮಾತನ್ನು ಒಟ್ಟಿಗೇ ತಲೆಯಲ್ಲಿ ಇಟ್ಟುಕೊಳ್ಳಬೇಕಾಗ್ತದೆ. ಸುಡುವ ಸಿಗರೇಟಿನ ಹೊಗೆಯಲ್ಲಿರುವ ಟಾರ್, ಕಾರ್ಬನ್ ಮೊನಾಕ್ಸೈಡ್ ಇದರಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ಹಾಗಂತ ಇದು ಸುರಕ್ಷಿತ ಅಲ್ಲ. ಮತ್ತು ಭಾರತದಲ್ಲಿ ಇದನ್ನು ಯಾವ ಡಾಕ್ಟರೂ ಬರೆದುಕೊಡುವ ಹಾಗಿಲ್ಲ. ಮೂರೂ ನಿಜ. ಯಾವುದೋ ಒಂದನ್ನೇ ಹಿಡಿದುಕೊಂಡವರು ರೋಗಿಗೆ ಅರ್ಧ ಉತ್ತರ ಕೊಡ್ತಾರೆ.

ಕೇಳದಿದ್ದರೆ ತಪ್ಪುವ ರೋಗ

2019ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹುಡುಗರು ಒಬ್ಬೊಬ್ಬರಾಗಿ ಉಸಿರುಗಟ್ಟಿ ಐಸಿಯು ಸೇರತೊಡಗಿದರು. ಕೆಮ್ಮು, ಜ್ವರ, ಎದೆನೋವು, ಕೆಲವರಿಗೆ ವಾಂತಿ-ಭೇದಿ. ಎಕ್ಸ್‌ರೇ ನೋಡಿದರೆ ಥೇಟ್ ನ್ಯುಮೋನಿಯಾ. ಆಂಟಿಬಯೋಟಿಕ್ ಕೊಟ್ಟರೆ ಇಳೀಲಿಲ್ಲ. ಇವರೆಲ್ಲರಿಗೂ ಇದ್ದ ಒಂದೇ ನಂಟು ವೇಪ್. ಆ ಕಾಯಿಲೆಗೆ ‘ಇವಾಲಿ’ ಅಂತ ಹೆಸರಾಯ್ತು. 2020ರ ಫೆಬ್ರವರಿ ಹೊತ್ತಿಗೆ ಅಲ್ಲಿ 2,807 ಪ್ರಕರಣ, 68 ಸಾವು. ಹೆಚ್ಚಿನವುಗಳಲ್ಲಿ ಗಾಂಜಾದ ಅಂಶ ಬೆರೆಸಿದ ದ್ರವ, ಅದರೊಳಗೆ ದಪ್ಪ ಮಾಡಲು ಹಾಕಿದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ ಕಾರಣ ಅಂತ ಗೊತ್ತಾಯ್ತು. ವಿಟಮಿನ್ ಅಂದ ತಕ್ಷಣ ಒಳ್ಳೇದು ಅಂದುಕೊಳ್ಳಬಾರದು. ಹೊಟ್ಟೆಗೆ ಸರಿ ಅನಿಸಿದ್ದು ಶ್ವಾಸಕೋಶಕ್ಕೆ ವಿಷ ಆಗಬಹುದು.

ಅಂಗಡಿಯಲ್ಲಿ ಮುಕ್ತವಾಗಿ ಸಿಗುವ ವೇಪ್‌ಗಿಂತ ಕದ್ದು ಬರುವ ವೇಪ್‌ನಲ್ಲಿ ಏನಿದೆ ಅನ್ನೋದು ಇನ್ನೂ ಗೊತ್ತಾಗೋದಿಲ್ಲ. ನಮ್ಮಲ್ಲಿ ಸಿಗೋದೆಲ್ಲ ಕದ್ದು ಬಂದದ್ದೇ. ಬಾಕ್ಸಿನ ಮೇಲೆ ‘ನಿಕೋಟಿನ್ ಇಲ್ಲ’ ಅಂತ ಇದ್ದೂ ಪರೀಕ್ಷೆ ಮಾಡಿದಾಗ ನಿಕೋಟಿನ್ ಸಿಕ್ಕ ಉದಾಹರಣೆ ಹೊರದೇಶಗಳಲ್ಲಿ ಬೇಕಾದಷ್ಟಿವೆ.

ಹೀಗಾಗಿ ಕೇಸ್ ಶೀಟಿನ ಆ ಒಂದು ಪ್ರಶ್ನೆಗೆ ಇಷ್ಟು ಬೆಲೆ. ವೇಪ್, ಪಾಡ್, ಇ-ಹುಕ್ಕಾ ಅಂತ ಹೆಸರು ಹಿಡಿದು, ಜೊತೆಗೆ ಬಂದ ಅಪ್ಪ-ಅವ್ವನನ್ನು ಸ್ವಲ್ಪ ಹೊರಗೆ ಕೂರಿಸಿ ಕೇಳಿದರೆ ಮಾತ್ರ ಉತ್ತರ ಬರ್ತದೆ. ಇಲ್ಲಿ ಕಾನೂನಿನ ಹೆದರಿಕೆಯೂ ಕೆಲಸ ಮಾಡ್ತದೆ. ‘ಹೇಳಿದರೆ ಪೊಲೀಸರಿಗೆ ತಿಳಿಸ್ತಾರೇನೋ’ ಅಂತ ಹುಡುಗ ಬಾಯಿ ಬಿಡೋದಿಲ್ಲ. 2019ರ ಕಾಯ್ದೆಯಲ್ಲಿ ರೋಗಿಯ ಬಗ್ಗೆ ಡಾಕ್ಟರ್ ಪೊಲೀಸರಿಗೆ ವರದಿ ಕೊಡಬೇಕು ಅನ್ನುವ ಕಲಂ ಇಲ್ಲ. ರೋಗಿಯ ಗುಟ್ಟು ಕಾಯೋದು ವೈದ್ಯರ ಧರ್ಮ. ಇದನ್ನು ವಿದ್ಯಾರ್ಥಿಯೂ ತಿಳಿದಿರಬೇಕು, ರೋಗಿಗೂ ಮೊದಲೇ ಹೇಳಬೇಕು. ನಿಷೇಧ ಆಗಿದೆ, ಇನ್ನು ಇದರ ಪಾಠ ಯಾಕೆ ಅನ್ನುವ ಭಾವನೆ ಬಂದರೆ ಕಷ್ಟ. ಗುಟ್ಕಾ ನಿಷೇಧ ಆದದ್ದು 2013ರಲ್ಲಿ. ಬಾಯಿ ಕ್ಯಾನ್ಸರಿನ ಪಾಠ ಅಲ್ಲಿಗೇನೂ ನಿಂತಿಲ್ಲವಲ್ಲ.

ಅಂಗಡಿಯವರೇ, ಇಲ್ಲಿ ಗಮನ ಕೊಡಿ

ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದಿತು, ಡಿಸೆಂಬರ್‌ನಲ್ಲಿ ಅದು ಕಾಯ್ದೆ ಆಯ್ತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಮೂರು ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ.

ಮಾರದೆ ಬರೀ ದಾಸ್ತಾನು ಇಟ್ಟರೂ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ, ಅಥವಾ ಎರಡೂ. ಜಾಗದ ಮಾಲೀಕರು ಗೊತ್ತಿದ್ದೂ ದಾಸ್ತಾನಿಗೆ ಬಿಟ್ಟರೆ ಅದೂ ಅಪರಾಧವೇ. ಗೋದಾಮು, ಪಿಜಿ ರೂಮು ಬಾಡಿಗೆಗೆ ಕೊಟ್ಟವರು ಇದನ್ನು ನೆನಪಿಡಬೇಕು. ಪರಿಚಯದ ಹುಡುಗ ‘ಎರಡು ದಿನ ಈ ಬಾಕ್ಸ್ ಇಟ್ಕೊಳ್ರಿ ಕಾಕಾ’ ಅಂದರೆ ಒಳಗೆ ಏನಿದೆ ಅಂತ ಕೇಳೋದರಲ್ಲಿ ನಾಚಿಕೆ ಏನಿಲ್ಲ. ಸಬ್ ಇನ್‌ಸ್ಪೆಕ್ಟರ್ ಮತ್ತು ಅದಕ್ಕಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿಗೆ ಅಂಗಡಿ ಶೋಧಿಸಿ ಮಾಲು ವಶಪಡಿಸಿಕೊಳ್ಳುವ ಅಧಿಕಾರ ಇದೆ.

‘ಇದರಲ್ಲಿ ನಿಕೋಟಿನ್ ಇಲ್ಲ, ಬರೀ ಹರ್ಬಲ್’ ಅನ್ನುವ ಏಜೆಂಟರ ಮಾತಿಗೆ ಮರುಳಾಗಬೇಡಿ. ಕಾಯ್ದೆಯ ವ್ಯಾಖ್ಯೆಯಲ್ಲೇ ‘ನಿಕೋಟಿನ್ ಇರಲಿ, ಇಲ್ಲದಿರಲಿ’ ಅಂತ ಇದೆ. ಇ-ಹುಕ್ಕಾ, ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನ ಕೂಡ ಇದರೊಳಗೇ ಬರ್ತವೆ.

ಬಳಸುವವರ ಕಥೆ ಏನು? ಎಳೆದವನಿಗೆ ಇಂತಿಷ್ಟು ಶಿಕ್ಷೆ ಅಂತ ಪ್ರತ್ಯೇಕ ಕಲಂ ಕಾಯ್ದೆಯಲ್ಲಿಲ್ಲ. ಆದರೆ ಯಾವ ರೂಪದಲ್ಲೇ ಆಗಲಿ, ಎಷ್ಟೇ ಆಗಲಿ, ಹತ್ತಿರ ಇಟ್ಟುಕೊಳ್ಳೋದು ಕಾಯ್ದೆಯ ಉಲ್ಲಂಘನೆ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಸ್ಪಷ್ಟನೆ ಕೊಟ್ಟಿದೆ. ಜೇಬಿನಲ್ಲಿ ಒಂದೇ ಇದೆ ಅಂತ ಧೈರ್ಯ ಮಾಡುವ ಹಾಗಿಲ್ಲ.

ಇದರ ಜೊತೆ ಸಾದಾ ಸಿಗರೇಟಿನ ನಿಯಮವೂ ರಾಜ್ಯದಲ್ಲಿ ಬದಲಾಗಿದೆ. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಅಂಕಿತ ಸಿಕ್ಕ ಕರ್ನಾಟಕದ ತಿದ್ದುಪಡಿ ಪ್ರಕಾರ ತಂಬಾಕು ಖರೀದಿಯ ವಯಸ್ಸು 18ರಿಂದ 21ಕ್ಕೆ ಏರಿದೆ, ಶಾಲಾ-ಕಾಲೇಜಿನ 100 ಮೀಟರ್ ಒಳಗೆ ಮಾರುವ ಹಾಗಿಲ್ಲ, ಹುಕ್ಕಾ ಬಾರ್ ಪೂರ್ತಿ ಬಂದ್. ವಿದ್ಯಾನಗರ, ಸಪ್ತಾಪುರದಂಥ ಕಡೆ ಕಾಲೇಜು, ಕೋಚಿಂಗ್ ಹುಡುಗರನ್ನೇ ನಂಬಿ ಪಾನ್ ಶಾಪ್ ನಡೆಸುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಆದರೆ 19 ವರ್ಷದ ಗಿರಾಕಿಗೆ ಮಾರಿದ್ದು ಮೊದಲು ತಪ್ಪಾಗಿರಲಿಲ್ಲ, ಈಗ ತಪ್ಪು.

ಮನೆಯಲ್ಲಿ ಕಂಡರೆ

ಪೆನ್ ಡ್ರೈವ್, ಹೈಲೈಟರ್ ಪೆನ್, ಸಣ್ಣ ಬಣ್ಣದ ಡಬ್ಬಿ, ಹೀಗೆ ಇದರ ವೇಷ ಬಹಳ. ಬಟ್ಟೆಗೆ ಸಿಗರೇಟ್ ವಾಸನೆ ಹತ್ತೋದಿಲ್ಲ, ಬದಲಿಗೆ ಹಣ್ಣಿನ ಘಮ. ಓದಿನಲ್ಲಿ ಮನಸ್ಸು ನಿಲ್ಲದಿರೋದು, ಕೈಗೆ ಸಿಗದಿದ್ದಾಗ ಸಿಡುಕು, ನಿದ್ದೆ ಕೆಡೋದು, ಬಿಡದ ಒಣ ಕೆಮ್ಮು ಕಾಣಬಹುದು. ಮಿದುಳು ಬೆಳೆಯೋದು ಸುಮಾರು 25ರ ವಯಸ್ಸಿನವರೆಗೆ, ಅಲ್ಲಿಯವರೆಗೆ ನಿಕೋಟಿನ್ ಚಟ ಬೇಗ ಅಂಟ್ತದೆ. ಬೈದು ಸಾಧನ ಕಸಿದುಕೊಂಡರೆ ಚಟ ಹೋಗೋದಿಲ್ಲ, ಇನ್ನೊಂದು ಬರ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೊಂದು ಅಪಾಯ: ಆ ದ್ರವ ನುಂಗಿದರೆ ನಿಕೋಟಿನ್ ವಿಷವೇರಿ ಪ್ರಾಣಕ್ಕೇ ಕುತ್ತು. ವಾಂತಿ ಮಾಡಿಸಲು ಹೋಗದೆ ಬಾಟಲಿ ಸಮೇತ ನೇರ ದವಾಖಾನಿಗೆ ಓಡಬೇಕು.

ಬಿಡಬೇಕು ಅನ್ನುವವರಿಗೆ ಬೀಡಿ, ಗುಟ್ಕಾ ಬಿಡಿಸುವ ದಾರಿಯೇ ಇಲ್ಲೂ ಇದೆ. ಕೌನ್ಸೆಲಿಂಗ್ ಮೊದಲು, ಬೇಕಾದರೆ ಔಷಧ. 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗ್ತದೆ, ಆದರೂ ಡಾಕ್ಟರನ್ನು ಕೇಳಿ ತಗೊಳ್ಳೋದು ಒಳ್ಳೇದು, ಅದರಲ್ಲೂ ವಯಸ್ಸು 18 ದಾಟದಿದ್ದರೆ ಕೇಳದೇ ಬೇಡ. ಧಾರವಾಡದ ಡಿಮ್ಹಾನ್ಸ್, ಕೆಎಂಸಿಆರ್‌ಐ ಮತ್ತು ಎಸ್‌ಡಿಎಂನ ಮನೋರೋಗ ವಿಭಾಗಗಳಲ್ಲಿ ತೋರಿಸಬಹುದು. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಇದೇ ನಂಬರು ಸಿಗರೇಟ್, ಗುಟ್ಕಾ ಪ್ಯಾಕಿನ ಮೇಲೂ ಇರ್ತದೆ. ಮನಸ್ಸಿನ ಒತ್ತಡಕ್ಕೆ ಟೆಲಿ-ಮಾನಸ್ 14416, ಹಗಲು-ರಾತ್ರಿ. ವೇಪ್ ಎಳೆಯುವವರಿಗೆ ಉಸಿರು ಕಟ್ಟಿದಂತಾಗಿ ಜ್ವರ, ಎದೆನೋವು ಬಂದರೆ ಫೋನಿನಲ್ಲಿ ಮಾತಾಡ್ತಾ ಕೂರದೆ ಎಮರ್ಜೆನ್ಸಿಗೆ ಹೋಗಿ. ಅಲ್ಲಿ ಕೂತ ಹೌಸ್ ಸರ್ಜನ್ ಕೇಳದಿದ್ದರೂ ಸರಿ, ವೇಪ್ ಎಳೀತಿದ್ದೆ ಅಂತ ನೀವೇ ಹೇಳಿ, ಸಿಕ್ಕರೆ ಆ ಸಾಧನವನ್ನೂ ತೋರಿಸಿ.